ಪೆದ್ದರ ಡಬ್ಬಿ

ದುಬೈಯ ಒಂದು ಕಲ್ಲು ಪರೀಕ್ಷೆಯ ಲ್ಯಾಬಿನಲ್ಲಿ ನಾನು ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಮೈಸೂರಿನಲ್ಲಿ ಭೂವಿಜ್ಞಾನ ಓದಿದವಳಿಗೆ ಗಲ್ಫಿನಲ್ಲಿ ಇಂಥ ಕೆಲಸ ಸಿಕ್ಕಿತೆಂದಾಗ, ನಾನು ಮಾಣಿಕ್ಯ, ನೀಲ, ಪಚ್ಚೆಗಳ ರಾಶಿಯ ನಡುವೆ ಕೂತಿರುತ್ತೇನೆಂದು ತಿಳಿದು ನೆಂಟರಿಷ್ಟರು ಹೊಟ್ಟೆ ಉರಿಸಿಕೊಂಡರು. ನಿಜಕ್ಕೂ ನಾನು ಕೂತದ್ದು ಗಾಜಿನ ಚೂರು, ಕುಲುಮೆಯ ಕಿಟ್ಟ ಮತ್ತು ಜನರ ದಡ್ಡತನದ ನಡುವೆ. ಮೊದಲಿನ ಎರಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಮೂರನೆಯದು ಬಾಗಿಲು ತಳ್ಳಿಕೊಂಡು ಒಳಗೆ ಬರುವಾಗಲೇ ಕಾಣುತ್ತದೆ.

ಆಭರಣದ ಕಲ್ಲು ತರುವವರಲ್ಲಿ ಸ್ವಲ್ಪವಾದರೂ ವ್ಯಾಪಾರಬುದ್ಧಿ ಇರುತ್ತದೆ. ಉಲ್ಕೆ ತರುವವರಲ್ಲಿ ಅದೂ ಇರುವುದಿಲ್ಲ. ಈ ದೇಶದಲ್ಲಿ ಯಾವ ದಿಕ್ಕಿಗೆ ಕಾರು ಓಡಿಸಿದರೂ ಕೊನೆಗೆ ಮರಳೇ ಸಿಗುವುದು. ವಾರಾಂತ್ಯದಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದ ಪ್ರತಿಯೊಬ್ಬ ಸದ್ಗೃಹಸ್ಥನಿಗೂ ಒಂದು ಕಪ್ಪು ಕಲ್ಲು ಕಾಲಿಗೆ ತಾಗುತ್ತದೆ. ಅದು ಆಕಾಶದಿಂದ ತನಗಾಗಿಯೇ ಬಿದ್ದದ್ದೆಂದು ಅವನಿಗೆ ಆ ಕ್ಷಣವೇ ಖಾತ್ರಿಯಾಗುತ್ತದೆ. ಕೋಟ್ಯಂತರ ವರ್ಷ ಬಾಹ್ಯಾಕಾಶದಲ್ಲಿ ಅಲೆದ ಕಲ್ಲಿಗೆ ಬೀಳಲು ಬೇರೆ ಜಾಗವೇ ಸಿಗಲಿಲ್ಲ, ಇವನ ಬಿರಿಯಾನಿ ಪಾತ್ರೆಯ ಪಕ್ಕದಲ್ಲೇ ಬಂದು ಬಿತ್ತು.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಒಬ್ಬರು, ಟವೆಲ್ಲಿನಲ್ಲಿ ಸುತ್ತಿದ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಬಿದ್ದದ್ದನ್ನು ಕಣ್ಣಾರೆ ಕಂಡೆ, ಮುಟ್ಟಿದಾಗ ಇನ್ನೂ ಬಿಸಿ ಇತ್ತು ಎಂದರು. ಆಗಸ್ಟ್ ತಿಂಗಳಲ್ಲಿ ಇಲ್ಲಿ ಮುಟ್ಟಿದ್ದೆಲ್ಲ ಬಿಸಿಯೇ. ನಾನು ಸೂಜಿಯಿಂದ ಚುಚ್ಚಿದೆ. ಸೂಜಿ ಸಲೀಸಾಗಿ ಒಳಗಿಳಿಯಿತು. ರಸ್ತೆಗೆ ಹಾಕುವ ಡಾಂಬರಿನ ಮುದ್ದೆ ಅದು. ಹಾಗೆಂದಾಗ ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನೇ ಅವರ ಉಲ್ಕೆಯನ್ನು ಡಾಂಬರು ಮಾಡಿದಂತಿತ್ತು.

ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಒಂದು ಕುಟುಂಬದ್ದು ಇನ್ನೂ ಚೆನ್ನಾಗಿದೆ. ಗಂಡ ಹೆಂಡತಿ ಇಬ್ಬರೂ ಎಂಜಿನಿಯರುಗಳು, ಬೆಂಗಳೂರಿನವರು. ಎಲ್ಲಿಂದಲೋ ಒಂದು ಕಬ್ಬಿಣದ ಗಟ್ಟಿಯನ್ನು ಉಲ್ಕೆಯೆಂದು ಕೊಂಡು ತಂದು ದೇವರ ಮನೆಯಲ್ಲಿಟ್ಟು ದಿನಾ ಹಾಲು, ಎಳನೀರಿನ ಅಭಿಷೇಕ ಮಾಡುತ್ತಿದ್ದರು. ಎರಡು ವಾರಕ್ಕೆ ಕಲ್ಲಿನಿಂದ ಕುಂಕುಮ ಒಸರತೊಡಗಿತು. ಅಕ್ಕಪಕ್ಕದ ಕಟ್ಟಡಗಳಿಂದ ಜನ ಬಂದು ಕೈಮುಗಿದರು. ನನ್ನನ್ನೂ ಕರೆದರು. ನಾನು ಬೆರಳಲ್ಲಿ ಒರೆಸಿ, “ಇದು ತುಕ್ಕು” ಎಂದೆ. ಕಬ್ಬಿಣಕ್ಕೆ ದಿನಾ ನೀರು ಹೊಯ್ದರೆ ಏನಾಗುತ್ತದೆಂದು ಇಬ್ಬರು ಎಂಜಿನಿಯರುಗಳಿಗೆ ಹೇಳಿಕೊಡಬೇಕಾದ ಪಾಡು ನನ್ನದು. ಆ ವರ್ಷದಿಂದ ಅವರ ಮನೆಯ ಅರಿಶಿನ ಕುಂಕುಮಕ್ಕೆ ನನಗೆ ಕರೆ ಬರಲಿಲ್ಲ. ಅವರ ಉಪ್ಪಿಟ್ಟು ತಿನ್ನುವ ಕಷ್ಟ ತಪ್ಪಿತು ಅಂದುಕೊಂಡೆ.

ಇವರಿಗೆಲ್ಲ ಒಬ್ಬ ಮಾಸ್ಟರ್ ಇದ್ದ. ಇವನೂ ಬೆಂಗಳೂರಿನವನೇ. ಸಾಫ್ಟ್‌ವೇರ್ ಕೆಲಸ ಕೈಬಿಟ್ಟು ಹೋದ ಮೇಲೆ ಬಿಳಿ ಜುಬ್ಬಾ ತೊಟ್ಟು, ಗಡ್ಡ ಬಿಟ್ಟು, ಹಳದಿ ಗಾಜಿನ ಲಾಕೆಟ್ ಮಾರಲು ಕೂತವನು. ಮರಳುಗಾಡಿಗೆ ಉಲ್ಕೆ ಅಪ್ಪಳಿಸಿದಾಗ ಆ ಶಾಖಕ್ಕೆ ಮರಳು ಕರಗಿ ಗಾಜಾಗುವುದು ನಿಜ. ಈಜಿಪ್ಟಿನ ಮರಳಿನಲ್ಲಿ ಜೇನಿನ ಬಣ್ಣದ ಅಂಥ ಗಾಜು ಸಿಗುವುದೂ ನಿಜ. ಮಾಸ್ಟರನ ಗಾಜು ಮಾತ್ರ ಜ್ಯೂಸ್ ಬಾಟಲಿಯದು. ಒಂದು ಚೂರಿನಲ್ಲಿ ಅಚ್ಚಿನ ಗೆರೆ ಕೂಡ ಹಾಗೇ ಉಳಿದಿತ್ತು. ಕೇತುದೋಷ ಇರುವವರು ಕಟ್ಟಿಕೊಂಡರೆ ವೀಸಾ ತೊಂದರೆ ಪರಿಹಾರ ಎಂದು ಅವನು ಹೇಳುತ್ತಿದ್ದ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಹೆಂಗಸೊಬ್ಬರು ಅದನ್ನು ಪರೀಕ್ಷೆಗೆ ತಂದಾಗ, “ನಿಮ್ಮ ಕೇತುವಿಗೆ ಮಾವಿನ ಜ್ಯೂಸ್ ಇಷ್ಟ ಅಂತ ಕಾಣತ್ತೆ” ಎಂದೆ. ಅವರು ಅತ್ತರು. ನನಗೇನೂ ಅನಿಸಲಿಲ್ಲ. ಬಾಟಲಿ ಚೂರಿಗೆ ಕೈಮುಗಿಯುವವರ ಕಣ್ಣೀರಿಗೆ ಮರುಗುವಷ್ಟು ಪುರುಸೊತ್ತು ನನಗಿರಲಿಲ್ಲ.

ಪ್ರತಿಯೊಬ್ಬರೂ ಕಲ್ಲಿಗಿಂತ ಮೊದಲು ಕಥೆ ತೆಗೆಯುತ್ತಾರೆ. ಕನಸು ಬಿದ್ದಿತ್ತು, ತಾತ ಕೊಟ್ಟದ್ದು, ಮರಳುಗಾಡಿನ ಒಬ್ಬ ಬೆದೂಯಿನ್ ಮುದುಕ ಕೈಗಿಟ್ಟು ಮಾಯವಾದ. ಹಾಗಾಗಿ ನಾನೊಂದು ನಿಯಮ ಮಾಡಿಕೊಂಡಿದ್ದೆ. “ಕಥೆ ಬೇಡ, ಕಲ್ಲು ಕೊಡಿ” ಎನ್ನುತ್ತಿದ್ದೆ. ಈ ಮಾತು ನಮ್ಮ ಲ್ಯಾಬಿನಲ್ಲಿ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ರಿಸೆಪ್ಶನ್ನಿನ ಫಿಲಿಪಿನೋ ಹುಡುಗಿಯೂ ಅದನ್ನು ಕನ್ನಡದಲ್ಲೇ ಹೇಳಲು ಕಲಿತಿದ್ದಳು.

ನಕಲಿ ಎಂದು ತಿಳಿದ ಮೇಲೆ ಕೆಲವರು ಸಿಟ್ಟಿನಿಂದ ಕಲ್ಲನ್ನು ಮೇಜಿನ ಮೇಲೇ ಬಿಟ್ಟು ಹೋಗುತ್ತಾರೆ. ಅವನ್ನೆಲ್ಲ ನಾನು ಖರ್ಜೂರದ ಒಂದು ಹಳೆಯ ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಪ್ರತಿಯೊಂದಕ್ಕೂ ಒಂದು ಚೀಟಿ. ತಂದವರು ಯಾರು, ಅವರು ಹೇಳಿದ್ದೇನು, ಅದು ನಿಜವಾಗಿ ಏನು ಎಂದು ಮೂರು ಸಾಲು. ಡಬ್ಬಿಯ ಮುಚ್ಚಳದ ಮೇಲೆ ‘ಪೆದ್ದರ ಡಬ್ಬಿ’ ಎಂದು ಮಾರ್ಕರಿನಲ್ಲಿ ಬರೆದಿದ್ದೆ. ಬೇಸರವಾದಾಗ ಅದನ್ನು ತೆರೆದು ಚೀಟಿಗಳನ್ನು ಓದುತ್ತಿದ್ದೆ. ಸತ್ಯವಾಗಿ ಹೇಳುತ್ತೇನೆ, ಅದರಲ್ಲಿ ಸಿಗುತ್ತಿದ್ದ ಸುಖ ನನಗೆ ಬೇರೆ ಯಾವುದರಲ್ಲೂ ಸಿಗುತ್ತಿರಲಿಲ್ಲ.

ಇನ್ನು ನಮ್ಮ ಲ್ಯಾಬಿನ ಡ್ರೈವರರ ವಿಷಯ. ಬೆಳಿಗ್ಗೆ ಕರಾಮ ಬಡಾವಣೆಯಿಂದ ನಮ್ಮನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಬರುವುದು, ಹಗಲೆಲ್ಲ ಅಂಗಡಿಗಳಿಗೆ ಕಲ್ಲು ಮತ್ತು ರಿಪೋರ್ಟುಗಳನ್ನು ತಲುಪಿಸುವುದು ಅವರ ಕೆಲಸ. ಅರವತ್ತು ದಾಟಿದವರು, ಉಡುಪಿ ಕಡೆಯ ತುಳುವರು. ಎಲ್ಲರೂ ಅವರನ್ನು ಡ್ರೈವರಣ್ಣ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಪ್ರಾಯದಲ್ಲಿ ಸೌದಿಯಲ್ಲಿ ಎಣ್ಣೆ ಹುಡುಕುವ ಸರ್ವೆ ತಂಡದ ಟ್ರಕ್ಕು ಓಡಿಸಿದವರಂತೆ. ಹನ್ನೊಂದು ವರ್ಷ ದಿನಾ ನಾನು ಅವರ ಬೆನ್ನ ಹಿಂದಿನ ಸೀಟಿನಲ್ಲಿ ಕೂತೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವರು ಸೌದಿಯ ಮರಳು, ಅಲ್ಲಿಯ ಗಾಳಿ ಎಂದು ಏನೋ ಹೇಳಲು ಶುರು ಮಾಡುತ್ತಿದ್ದರು. ನಾನು ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಹೂಂ ಎನ್ನುತ್ತಿದ್ದೆ. ಸಿಗ್ನಲ್ ಹಸಿರಾಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವರ ಒಂದು ಕಥೆಯೂ ಮುಗಿಯಲಿಲ್ಲ.

ಕಳೆದ ವರ್ಷ ಅವರ ವೀಸಾ ಮುಂದುವರಿಸುವುದಿಲ್ಲ ಎಂದು ಆಫೀಸು ತಿಳಿಸಿತು. ಅವರು ಶಾಶ್ವತವಾಗಿ ಊರಿಗೆ ಹೊರಡುವ ಮೊದಲು ಹೆಂಡತಿಯನ್ನು ಒಂದು ತಿಂಗಳ ವಿಸಿಟ್ ವೀಸಾದಲ್ಲಿ ಕರೆಸಿಕೊಂಡು, ದುಬೈ ತೋರಿಸಿ, ಇಬ್ಬರೂ ಜೊತೆಯಲ್ಲಿ ಹೋಗುವುದೆಂದು ನಿಶ್ಚಯಿಸಿದ್ದರು. ಅಷ್ಟು ವರ್ಷ ಗಲ್ಫಿನಲ್ಲಿದ್ದವರ ಹೆಂಡತಿ ಗಲ್ಫ್ ನೋಡುವುದು ಅದೇ ಮೊದಲು.

ಆಕೆ ಬರುವುದಕ್ಕೆ ಹತ್ತು ದಿನ ಮುಂಚೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವರು ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಹಾಲಿನ ಪುಡಿಯ ಹಳೇ ಡಬ್ಬಿ.

“ಮೇಡಂ, ಐದು ನಿಮಿಷ ಪುರ್ಸೊತ್ತುಂಟಾ? ಒಂದು ವಸ್ತು ತೋರಿಸ್ಲಿಕ್ಕಿತ್ತು.”

ನೀವೂನಾ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮೊಸರನ್ನದ ಡಬ್ಬಿ ಮುಚ್ಚಿ, ಹೇಳಿ ಎಂದೆ.

“ಇದು ನಾನು ಸೌದಿಯಲ್ಲಿರುವಾಗ ಹೆಕ್ಕಿದ್ದು. ಮದುವೆಯಾಗಿ ಎರಡೇ ತಿಂಗಳಿಗೆ ನಾನು ಅಲ್ಲಿಗೆ ಹೋದದ್ದು. ಚಿನ್ನ ಕಳಿಸ್ತಾನೆ ಅಂತ ಮನೆಯವರೆಲ್ಲ ಕಾದು ಕೂತಿದ್ರು. ನಂಗೆ ಕಳಿಸ್ಲಿಕ್ಕೆ ಆದದ್ದು ಇದು. ಎಲ್ಲರೂ ನೆಗಾಡಿದ್ರು, ಗಲ್ಫಿಂದ ಕರಿ ಮರಳು ಬಂತು ಅಂತ. ಅವಳೊಬ್ಳು ನೆಗಾಡ್ಲಿಲ್ಲ. ಆಚಾರಿ ಹತ್ರ ಹೋಗಿ ಎರಡು ಮಣಿಗೆ ಚಿನ್ನದ ಟೊಪ್ಪಿ ಹಾಕಿಸಿ ಕರಿಮಣಿ ಸರದಲ್ಲಿ ಸೇರಿಸಿದ್ಳು. ನಲ್ವತ್ತು ವರ್ಷ ಆಯ್ತು, ಈಗ್ಲೂ ಕುತ್ತಿಗೆಯಲ್ಲುಂಟು. ಇದು ಆಕಾಶದ್ದು ಅಂತ ನಾನು ಹೇಳಿದ ಒಂದು ಮಾತಿನ ಮೇಲೆ ಹಾಕಿದ್ದು ಮೇಡಂ. ಬೇರೆಯವರು ಈಗ್ಲೂ ತಮಾಷೆ ಮಾಡ್ತಾರೆ. ಅವಳು ಬಂದಾಗ ಕೈಗೆ ನಮ್ಮ ಲ್ಯಾಬಿನ ಒಂದು ಕಾಗದ ಕೊಡ್ಬೇಕು ಅಂತ ಆಸೆ. ನೋಡು, ನಾನು ಹೇಳಿದ್ದು ಸುಳ್ಳಲ್ಲ ಅಂತ.”

ನಾನು ಗಡಿಯಾರ ನೋಡಿದೆ.

“ಅಲ್ಲಿ ಮರಳಿನ ಒಳಗೆ, ದೊಡ್ಡ...” ಎಂದು ಅವರು ಮುಂದುವರಿಸಿದರು.

“ಡ್ರೈವರಣ್ಣ, ಕಥೆ ಬೇಡ. ಕಲ್ಲು ಕೊಡಿ.”

ರಿಸೆಪ್ಶನ್ ಹುಡುಗಿ ಕಿಸಕ್ಕನೆ ನಕ್ಕಳು. ಅವರೂ ನಕ್ಕಂತೆ ಮಾಡಿ, ಡಬ್ಬಿಯಿಂದ ಒಂದನ್ನು ತೆಗೆದು ಕಲ್ಲು ನೋಡುವ ನನ್ನ ತಟ್ಟೆಯಲ್ಲಿಟ್ಟರು. ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪು, ಹೊಳಪು. ಡಬ್ಬಿಯ ತಳದಲ್ಲಿ ಅಂಥವು ಒಂದು ಹಿಡಿಯಷ್ಟಿದ್ದವು. ಭೂತಗನ್ನಡಿಯಲ್ಲಿ ನೋಡಿದೆ. ಹತ್ತು ಸೆಕೆಂಡ್ ನೋಡಿದ್ದರೆ ಹೆಚ್ಚು. ಗಾಜು, ಒಳಗೆ ಗುಳ್ಳೆ. ಮೇಜಿನ ಖಾನೆಯಲ್ಲಿದ್ದ ಅಯಸ್ಕಾಂತವನ್ನು ಹೊರತೆಗೆಯಲೂ ಇಲ್ಲ. ಡಾಂಬರಿನ ಮುದ್ದೆಗೂ ನಾನು ಅಯಸ್ಕಾಂತ ಹಿಡಿದಿದ್ದೆ. ಆ ಮರ್ಯಾದೆ ಇದಕ್ಕೆ ಸಿಗಲಿಲ್ಲ.

“ಇದು ಕಿಟ್ಟ ಡ್ರೈವರಣ್ಣ. ಎಣ್ಣೆ ಬಾವಿ ಹತ್ರ ಏನೇನೋ ಸುಡ್ತಿರ್ತಾರೆ, ಕರಗಿ ಹೀಗೆ ಆಗತ್ತೆ. ಆಕಾಶಕ್ಕೂ ಇದಕ್ಕೂ ಸಂಬಂಧ ಇಲ್ಲ.”

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಾನು ನಾನಾಗುತ್ತಿರಲಿಲ್ಲ.

“ಕರಿಮಣಿ ಅಂದ್ರೆ ಹೇಗಿದ್ರೂ ಗಾಜೇ ತಾನೆ? ನಿಮ್ಮ ಮನೆಯವರಿಗೇನೂ ಮೋಸ ಆಗಿಲ್ಲ ಬಿಡಿ.”

“ಆಯ್ತು ಮೇಡಂ. ಖಲಾಸ್” ಎಂದರು. ಡಬ್ಬಿಯ ಮುಚ್ಚಳ ಹಾಕಿಕೊಂಡು ಕೆಳಗೆ ಹೋದರು. ತಟ್ಟೆಯಲ್ಲಿದ್ದ ಒಂದು ಮಣಿಯನ್ನು ಕೇಳಲಿಲ್ಲ. ನಾನು ಅದನ್ನು ಎಂದಿನಂತೆ ಪೆದ್ದರ ಡಬ್ಬಿಗೆ ಹಾಕಿ ಚೀಟಿ ಬರೆದೆ. ನಮ್ಮ ಡ್ರೈವರು, ಆಕಾಶದ ಮಣಿ, ಕುಲುಮೆಯ ಕಿಟ್ಟ. ಆಮೇಲೆ ಮೊಸರನ್ನ ಮುಗಿಸಿದೆ.

ಮರುದಿನದಿಂದ ವ್ಯಾನಿನಲ್ಲಿ ಅವರು ಮಾತಾಡಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಸುಮ್ಮನೆ ಎದುರಿನ ಗಾಡಿಗಳನ್ನು ನೋಡುತ್ತಿದ್ದರು. ಸದ್ಯ ನೆಮ್ಮದಿಯಾಯಿತು ಎಂದುಕೊಂಡೆ. ಹೆಂಡತಿ ಬಂದಾಗ ಮೂರು ದಿನ ರಜೆ ಹಾಕಿದರು, ಮತ್ತೆ ಬಂದರು.

ಆಕೆ ಬಂದು ಮೂರು ವಾರ ಕಳೆದಿರಬೇಕು. ಇಲ್ಲಿಯ ಕನ್ನಡಿಗರ ಒಂದು ಕೂಟದವರು ಕರಾಮದ ಹೋಟೆಲೊಂದರ ಮಹಡಿಯಲ್ಲಿ ನನ್ನ ಭಾಷಣ ಇಟ್ಟುಕೊಂಡರು. ನಕಲಿ ಕಲ್ಲುಗಳಿಂದ ಮೋಸಹೋಗದಿರುವುದು ಹೇಗೆ ಎಂಬುದು ವಿಷಯ. ಮಾಸ್ಟರನೂ ಬರುತ್ತಾನೆಂದು ತಿಳಿದು ನನಗೆ ಹುರುಪು ಬಂತು. ಅವನ ಶಿಷ್ಯಂದಿರ ಎದುರಿನಲ್ಲೇ ಅವನ ಮಾನ ಕಳೆಯಬೇಕೆಂದು ಪೆದ್ದರ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಮಾದರಿಗಳನ್ನು ಆರಿಸಿದೆ. ಕಿಟ್ಟದ ಒಳಭಾಗ ಹೇಗಿರುತ್ತದೆಂದು ದೊಡ್ಡದು ಮಾಡಿ ತೋರಿಸಲು ಒಂದು ಚಿತ್ರ ಬೇಕಿತ್ತು. ಡ್ರೈವರಣ್ಣನ ಮಣಿ ಚಿಕ್ಕದು, ಕೊಯ್ಯಲು ಸುಲಭ. ವಜ್ರದ ಗರಗಸದಲ್ಲಿ ಅದನ್ನು ಎರಡು ಹೋಳು ಮಾಡಿದೆ. ಒಂದು ಹೋಳನ್ನು ಉಜ್ಜಿ ನಯಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಕಪ್ಪು ಗಾಜಿನ ತುಂಬ ಬೆಳ್ಳಗೆ ಹೊಳೆಯುವ ಲೋಹದ ಚುಕ್ಕೆಗಳಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ, ದುಂಡನೆಯ ಹನಿಗಳು. ಲೋಹ ಗುರುತಿಸುವ ಎಕ್ಸ್-ರೇ ಯಂತ್ರಕ್ಕೆ ಹಾಕಿದೆ. ಕಬ್ಬಿಣ, ಅದರ ಜೊತೆಗೆ ಉಲ್ಕೆಯ ಕಬ್ಬಿಣದ ಗುರುತಾದ ನಿಕ್ಕಲ್. ನಂಬಲಿಲ್ಲ. ಇನ್ನೊಂದು ಹೋಳನ್ನು ಪುಡಿ ಮಾಡಿ ಹಾಕಿದೆ. ಮತ್ತೆ ಅದೇ. ಯಾವ ಎಣ್ಣೆ ಬಾವಿಯ ಬೆಂಕಿಯೂ ಮರಳಿನೊಳಗೆ ನಿಕ್ಕಲ್ ತುಂಬಿಸುವುದಿಲ್ಲ. ಆಗ ಅವರು ಅರ್ಧಕ್ಕೆ ನಿಲ್ಲಿಸಿದ ಮಾತು ನೆನಪಾಯಿತು. ಮರಳಿನ ಒಳಗೆ, ದೊಡ್ಡ. ಗುಂಡಿ ಎನ್ನಲು ಹೊರಟಿದ್ದರು.

ಸೌದಿಯ ಮರಳುಸಮುದ್ರದ ನಡುವೆ ವಬಾರ್ ಎಂಬ ಜಾಗವಿದೆ. ಕಬ್ಬಿಣದ ಉಲ್ಕೆಯೊಂದು ಬಿದ್ದು ಮರಳಿನಲ್ಲಿ ದೊಡ್ಡ ಗುಂಡಿಗಳನ್ನು ತೋಡಿದ ಜಾಗ. ಮರಳು ಕರಗಿ, ಉಲ್ಕೆಯ ಕಬ್ಬಿಣವೂ ಅದರಲ್ಲಿ ಬೆರೆತು ಆಕಾಶಕ್ಕೆ ಸಿಡಿದು, ಹಾರುತ್ತಲೇ ತಣಿದು ಕಪ್ಪು ಮಣಿಗಳಾಗಿ ಸುತ್ತ ಉದುರಿತು. ಸುಟ್ಟುಹೋದ ಊರೊಂದರ ರಾಣಿಯರ ಮುತ್ತುಗಳೆಂದು ಆ ಸೀಮೆಯ ಜನ ಅವನ್ನು ಹೆಕ್ಕುತ್ತಿದ್ದರಂತೆ. ಇದನ್ನೆಲ್ಲ ನನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ. ಎಂ.ಎಸ್ಸಿ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಎರಡು ಪುಟ ಉತ್ತರ ಬರೆದು ಶಹಬ್ಬಾಸ್ ಅನ್ನಿಸಿಕೊಂಡವಳು ನಾನು. ಇಂಥ ಗಾಜಿಗೆ ಸಿಕ್ಕಿದ ಜಾಗವೇ ಅರ್ಧ ಸಾಕ್ಷಿ ಎಂದೂ ಆ ಉತ್ತರದಲ್ಲಿ ಬರೆದಿದ್ದೆ. ಅವರಿಗೆ ಇನ್ನು ಎರಡು ಪದ ಹೇಳಲು ಬಿಟ್ಟಿದ್ದರೆ ಸಾಕಿತ್ತು. ಹನ್ನೊಂದು ವರ್ಷ ಹೇಳಲು ನೋಡಿದ್ದರು. ಜನರ ದಡ್ಡತನವನ್ನು ಬಾಗಿಲಲ್ಲೇ ಗುರುತಿಸುವ ನನಗೆ, ಮೇಜಿನ ಈಚೆ ಕೂತಿದ್ದ ದಡ್ಡತನ ಕಂಡಿರಲಿಲ್ಲ.

ಮರುದಿನ ವ್ಯಾನಿನಲ್ಲಿ ಮೊದಲ ಬಾರಿಗೆ ಮುಂದಿನ ಸೀಟಿನಲ್ಲಿ ಕೂತೆ. ಅವರು ಆಶ್ಚರ್ಯದಿಂದ ನೋಡಿ, ಬೆಲ್ಟ್ ಹಾಕಿಕೊಳ್ಳಿ ಎಂದು ಸನ್ನೆ ಮಾಡಿದರು.

“ಡ್ರೈವರಣ್ಣ, ಆವತ್ತು ತಂದಿದ್ರಲ್ಲ, ಆ ಡಬ್ಬಿ ಎಲ್ಲಿದೆ?”

“ಅದನ್ನಾ ಮೇಡಂ? ಬಿಸಾಡಿದೆ.”

“ಎಲ್ಲಿ?”

“ನಮ್ಮ ಬಿಲ್ಡಿಂಗ್ ಹಿಂದೆ ಕಸದ ಡ್ರಮ್ ಉಂಟಲ್ಲ, ಅದರಲ್ಲಿ. ಅವಳು ಬರುವ ಮುಂಚೆಯೇ. ಸುಳ್ಳು ವಸ್ತು ಮನೆಯಲ್ಲಿ ಯಾಕೆ ಅಂತ.”

“ನಿಮ್ಮ ಮನೆಯವರ ಕರಿಮಣಿ?”

“ಅದನ್ನು ಸರಿ ಮಾಡಿಸಿದೆ ಮೇಡಂ.” ಅವರ ದನಿಯಲ್ಲಿ ಕೆಲಸ ಮುಗಿಸಿದವರ ಸಮಾಧಾನವಿತ್ತು. “ಅಂಗಡಿಗೆ ಕರ್ಕೊಂಡು ಹೋಗಿ ಆ ಎರಡು ಮಣಿ ತೆಗೆಸಿ ಒಳ್ಳೆ ಚಿನ್ನದ ಗುಂಡು ಹಾಕಿಸಿದೆ. ಟೊಪ್ಪಿಯ ಚಿನ್ನ ತೂಕಕ್ಕೆ ಹಾಕ್ಬೇಕಲ್ಲ, ಅಲ್ಲಿಯವ ಇಕ್ಕಳದಲ್ಲಿ ಮಣಿ ಒಡೆದು ತೆಗ್ದ.”

“ಅವರು ಏನಂದ್ರು?”

“ಯಾರು, ಇವಳಾ? ನೀವು ಹೇಳಿದ್ರಿ ಅಂತ ಹಾಕಿದ್ದು, ನೀವು ಹೇಳಿದ್ರಿ ಅಂತ ತೆಗ್ದದ್ದು ಅಂದ್ಳು. ಅಷ್ಟೆ. ನಾನು ತಪ್ಪಾಯ್ತು ಅಂತ ಕೇಳಿದೆ ಮೇಡಂ. ನಲ್ವತ್ತು ವರ್ಷ ಸುಳ್ಳು ಹಾಕಿಸಿದ್ದು ನಾನಲ್ವಾ?”

ಆಗಲೇ ಹೇಳಬೇಕಿತ್ತು. ಸಿಗ್ನಲ್ಲು ಕೆಂಪಾಗಿಯೇ ಇತ್ತು, ಬೇಕಾದಷ್ಟು ಹೊತ್ತಿತ್ತು. ನಾನು ಹೇಳಲಿಲ್ಲ. ಮಧ್ಯಾಹ್ನ ಟ್ಯಾಕ್ಸಿ ಹಿಡಿದು ಅವರ ಕಟ್ಟಡದ ಹಿಂದಿನ ಕಸದ ಡ್ರಮ್ಮಿನ ಹತ್ತಿರ ಹೋಗಿ ನಿಂತೆ. ಅದು ಅಷ್ಟರಲ್ಲಿ ಎಷ್ಟು ಸಲ ಖಾಲಿಯಾಗಿತ್ತೋ. ಬಿಸಿಲಿಗೆ ನೆತ್ತಿ ಸುಡುತ್ತಿತ್ತು. ಒಳಗೆ ಇಣುಕಿದೆ. ಡೈಪರುಗಳು, ಕಲ್ಲಂಗಡಿ ಸಿಪ್ಪೆ. ಯಾರಾದರೂ ನೋಡಿದರೆ ಏನೆನ್ನುತ್ತಾರೋ ಎಂದು ಹೆದರಿ ಓಡಿ ಬಂದೆ. ಆ ಹೆದರಿಕೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಭಾಷಣವನ್ನು ರದ್ದು ಮಾಡಿದೆನೆಂದು ನೀವು ತಿಳಿದಿದ್ದರೆ ನನ್ನನ್ನು ದೊಡ್ಡವಳನ್ನಾಗಿ ಮಾಡಿದಿರಿ. ಮಾಡಲಿಲ್ಲ. ಡ್ರೈವರಣ್ಣನ ಮಣಿಯನ್ನು ಬಿಟ್ಟು ಉಳಿದ ಮಾದರಿಗಳನ್ನು ತೆಗೆದುಕೊಂಡು ಹೋದೆ. ಡಾಂಬರಿನ ಮುದ್ದೆಗೆ ಎಲ್ಲರೂ ನಕ್ಕರು. ಜ್ಯೂಸ್ ಬಾಟಲಿಯ ಗೆರೆ ತೋರಿಸಿದಾಗ ಮಾಸ್ಟರನ ಕಡೆ ತಿರುಗಿ ನೋಡಿದರು. ಶಾಲು ಹೊದಿಸಿದರು. ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಮಾಸ್ಟರನೇ ಎದ್ದು ನಿಂತ. ಗಡ್ಡ ನೀವಿಕೊಂಡು ತಣ್ಣಗೆ ಕೇಳಿದ.

“ಮೇಡಂ, ಇಷ್ಟು ವರ್ಷದಲ್ಲಿ ನೀವು ಯಾವತ್ತಾದ್ರೂ ಅಸಲಿ ಕಲ್ಲನ್ನ ನಕಲಿ ಅಂತ ಹೇಳಿದ್ದುಂಟಾ?”

“ಇಲ್ಲ” ಎಂದೆ.

ಚಪ್ಪಾಳೆ ಬಿತ್ತು. ಬಾಟಲಿ ಮಾರುವವನ ಎದುರು ನಿಂತು, ಅವನಿಗಿಂತ ಕೀಳಾದ ಸುಳ್ಳನ್ನು ನಾನು ಶಾಲು ಹೊದ್ದುಕೊಂಡು ಹೇಳಿದೆ. ಅವನ ಸುಳ್ಳನ್ನು ಕುತ್ತಿಗೆಯಿಂದ ಬಿಚ್ಚಿ ಎಸೆದರೆ ಮುಗಿಯಿತು.

ಮಾರನೆಯ ದಿನ ಲ್ಯಾಬಿನಲ್ಲಿ ಕ್ರಮವಾಗಿ ರಿಪೋರ್ಟ್ ತಯಾರಿಸಿದೆ. ಉಲ್ಕೆಯ ಹೊಡೆತಕ್ಕೆ ಹುಟ್ಟಿದ ನೈಸರ್ಗಿಕ ಗಾಜು, ಒಳಗೆ ನಿಕ್ಕಲ್ ಬೆರೆತ ಕಬ್ಬಿಣದ ಹನಿಗಳು ಎಂದು ಬರೆದು, ಸಹಿ ಹಾಕಿ, ಮೊಹರೊತ್ತಿಸಿ, ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿದೆ. ಅವರು ಹೊರಡುವುದಕ್ಕೆ ಎರಡು ದಿನ ಉಳಿದಿತ್ತು. ಶನಿವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಅವರ ಮನೆಗೆ ಹೋದೆ.

ಕರಾಮದ ಹಳೇ ಕಟ್ಟಡ, ಕೆಳಗೆ ಇಡ್ಲಿ ದೋಸೆಯ ಹೋಟೆಲು. ಸಂಬಂಧಿಕರ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಇಬ್ಬರೂ ಇದ್ದರು. ನೆಲದ ಮೇಲೆ ಹಗ್ಗ ಬಿಗಿದ ಎರಡು ಕಾರ್ಟನ್. ಆಕೆ ಗಿಡ್ಡ ಹೆಂಗಸು, ಕೈಮುಗಿದು ಚಾಪೆ ಹಾಕಿದರು. ಕುರ್ಚಿ ತರುತ್ತೇನೆಂದು ಡ್ರೈವರಣ್ಣ ಎದ್ದರೂ ನಾನು ಚಾಪೆಯ ಮೇಲೇ ಕೂತೆ. ಆಕೆಯ ಕುತ್ತಿಗೆಯಲ್ಲಿ ಹಳೆಯದಾಗಿ ಮಂಕಾದ ಕರಿಮಣಿಗಳ ನಡುವೆ ಎರಡು ಹೊಸ ಚಿನ್ನದ ಗುಂಡು ಬೇರೆಯಾಗಿ ಕಾಣುತ್ತಿದ್ದವು.

ಚಹಾ ಬಂತು. ನಾನು ಹೇಳಲು ಶುರು ಮಾಡಿದೆ. ವಬಾರ್, ಗುಂಡಿಗಳು, ಬೆಂಕಿಯಂತೆ ಬಂದ ಕಬ್ಬಿಣ, ಕರಗಿ ಸಿಡಿದ ಮರಳು, ರಾಣಿಯರ ಮುತ್ತು, ನಿಕ್ಕಲ್, ನನ್ನ ಎಂ.ಎಸ್ಸಿ., ನನ್ನ ತಪ್ಪು. ತುಂಬ ಹೊತ್ತು ಮಾತಾಡಿದೆ. ಆಕೆಗೆ ಅರ್ಥವಾಗದ ಕಡೆ ಅವರು ತುಳುವಿನಲ್ಲಿ ತಿಳಿಸಿದರು. ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ನನ್ನ ಕಥೆ ಪೂರ್ತಿ ಮುಗಿಯುವವರೆಗೆ ಕೇಳಿದರು.

ಆಮೇಲೆ ಕನ್ನಡಕ ಹಾಕಿಕೊಂಡು ರಿಪೋರ್ಟ್ ನೋಡಿದರು. ಇಂಥವನ್ನು ಹನ್ನೊಂದು ವರ್ಷ ಅಂಗಡಿಯಿಂದ ಅಂಗಡಿಗೆ ಮುಟ್ಟಿಸಿದವರು, ಎಲ್ಲಿ ನೋಡಬೇಕೆಂದು ಅವರಿಗೆ ಗೊತ್ತಿತ್ತು. ಮೊದಲು ತೂಕ, ಆಮೇಲೆ ಫೋಟೋ.

“ಕಲ್ಲು ತಂದಿದ್ದೀರಾ ಮೇಡಂ?”

ಪರ್ಸಿನಿಂದ ಪೊಟ್ಟಣ ತೆಗೆದು ಬಿಚ್ಚಿದೆ. ಅರ್ಧ ಮಣಿ ಮಾತ್ರ ಇತ್ತು. ಇನ್ನರ್ಧ ಪುಡಿಯಾಗಿ ಯಂತ್ರಕ್ಕೆ ಹೋಗಿತ್ತು. ಆಕೆ ಅದನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಹೊರಗಿನ ದುಂಡನ್ನು ಸವರಿದರು, ಕೊಯ್ದ ಚಪ್ಪಟೆ ಮುಖವನ್ನು ನೋಡಿದರು. ತಮ್ಮ ಕುತ್ತಿಗೆಯ ಹತ್ತಿರ ತಂದವರು ಅಲ್ಲಿಗೇ ನಿಲ್ಲಿಸಿ ನನ್ನ ಅಂಗೈಯಲ್ಲಿ ವಾಪಸು ಇಟ್ಟರು.

“ಒಡೆದ ಮಣಿ ಕರಿಮಣಿಗೆ ಆಗುದಿಲ್ಲ ಅಲ್ವಾ” ಎಂದರು. ಚಿಕ್ಕ ಮಗುವಿಗೆ ಹೇಳುವಷ್ಟು ಮೆಲ್ಲಗೆ ಹೇಳಿದರು.

“ಈ ಕಾಗದವಾದ್ರೂ ಇಟ್ಕೊಳ್ಳಿ. ನೀವು ಹೇಳಿದ್ದು ನಿಜವೇ ಆಗಿತ್ತು ಡ್ರೈವರಣ್ಣ.”

ಅವರು ರಿಪೋರ್ಟನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿ ಸೇರಿಸಿ ನನ್ನ ಕಡೆ ಚಾಚಿದರು.

“ಕಲ್ಲು ಇಲ್ಲದ ರಿಪೋರ್ಟ್ ಎಂತಕ್ಕೂ ಆಗುದಿಲ್ಲ ಅಂತ ಅಂಗಡಿಯವರಿಗೆ ನೀವೇ ಹೇಳ್ತಿದ್ರಿ ಮೇಡಂ. ಮತ್ತೆ ಇದು ನಿಜವೋ ಅಲ್ವೋ, ನಂಗೆ ಈಗ ಗೊತ್ತಾಗುದಿಲ್ಲ. ಮೊದಲು ನಂಗೆ ಗೊತ್ತಿತ್ತು. ಆವತ್ತು ಅಲ್ಲ ಅಂದದ್ದು ನೀವೇ, ಇವತ್ತು ಹೌದು ಅನ್ನುದೂ ನೀವೇ.”

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಹೊರಡುವಾಗ ಆಕೆ ಊರಿಂದ ತಂದ ಹಲಸಿನ ಹಪ್ಪಳದ ಕಟ್ಟೊಂದನ್ನು ಕೈಗಿತ್ತರು. ಅವರು ಲಿಫ್ಟಿನವರೆಗೆ ಬಂದು ಗುಂಡಿ ಒತ್ತಿಕೊಟ್ಟರು. ಸೋಮವಾರ ಇಬ್ಬರೂ ಮಂಗಳೂರಿನ ವಿಮಾನ ಹತ್ತಿದರು. ಈಗ ವ್ಯಾನು ಓಡಿಸುವವನು ಮಾತೇ ಆಡುವುದಿಲ್ಲ.

ಖರ್ಜೂರದ ಡಬ್ಬಿ ಇವತ್ತಿಗೂ ನನ್ನ ಮೇಜಿನ ಮೇಲಿದೆ. ಜನ ಈಗಲೂ ಡಾಂಬರು, ಕಿಟ್ಟ, ಬಾಟಲಿ ಚೂರು ತರುತ್ತಾರೆ. ಅವರೇನೂ ಜಾಣರಾಗಿಲ್ಲ, ಅವರನ್ನು ಕಂಡರೆ ನನಗೆ ಈಗಲೂ ಅಸಡ್ಡೆಯೇ. ಆದರೆ ಕಲ್ಲು ಎಲ್ಲಿ ಸಿಕ್ಕಿತೆಂದು ಮೊದಲು ಕೇಳುತ್ತೇನೆ, ಕೊನೆಯವರೆಗೆ ಹೇಳಿಸುತ್ತೇನೆ. ಆ ಅರ್ಧ ಮಣಿ ಡಬ್ಬಿಯೊಳಗೇ ಇದೆ. ಇಷ್ಟು ವರ್ಷದಲ್ಲಿ ಅದರೊಳಗೆ ಬಿದ್ದ ಒಂದೇ ಒಂದು ಅಸಲಿ ಕಲ್ಲು. ಹಳೆಯ ಚೀಟಿಯನ್ನು ಹರಿದು ಹೊಸದು ಬರೆದಿಟ್ಟೆ. ತಂದವರು ಯಾರು ಎಂಬ ಸಾಲಿನಲ್ಲಿ ಈಗ ನನ್ನ ಹೆಸರಿದೆ, ಹೇಳಿದ್ದೇನು ಎಂಬ ಸಾಲಿನಲ್ಲಿ ‘ಕಿಟ್ಟ’ ಎಂದಿದೆ.